ಜಿಪಿಎಕ್ಸ್ ಫೈಲ್ ಫಾರ್ವರ್ಡ್ ಮಾಡಿದರೆ ಮನೆಯ ಜಾಗ ಗೊತ್ತಾಗುತ್ತದೆಯೇ?

ಗೊತ್ತಾಗಬಹುದು. ಟ್ರೆಕ್ಕಿಂಗ್ ಆ್ಯಪ್‌ಗಳು ಕೊಡುವ ಜಿಪಿಎಕ್ಸ್ ಫೈಲ್ ಬರೀ ನಕ್ಷೆಯಲ್ಲ, ಎಕ್ಸ್‌ಎಂಎಲ್ ಪಠ್ಯ. ನೀವು ಗುರುತು ಹಾಕಿದ ಪ್ರತಿ ಜಾಗದ ಅಕ್ಷಾಂಶ, ರೇಖಾಂಶ ಅದರಲ್ಲಿ 'ಲ್ಯಾಟ್', 'ಲಾನ್' ಎಂಬ ಆಟ್ರಿಬ್ಯೂಟ್‌ಗಳಾಗಿ ಇರುತ್ತವೆ.

ಎಕ್ಸ್‌ಎಸ್‌ಎಲ್‌ಟಿಯಿಂದ ಇವನ್ನು ಬದಲಿಸಬಹುದು. ಹಲವರು ಎಡವುವುದು ಇಲ್ಲೇ: 'ಎಕ್ಸ್‌ಎಸ್‌ಎಲ್-ಕಾಪಿ' ಟ್ಯಾಗನ್ನಷ್ಟೇ ನಕಲಿಸುತ್ತದೆ, ಆಟ್ರಿಬ್ಯೂಟ್‌ಗಳನ್ನಲ್ಲ. ಜಾಗವೇ ಮಾಯ! ಆದ್ದರಿಂದ ಮೊದಲು ಎಲ್ಲ ನೋಡ್, ಎಲ್ಲ ಆಟ್ರಿಬ್ಯೂಟ್‌ಗಳನ್ನೂ ಇದ್ದಂತೆಯೇ ನಕಲಿಸುವ ಐಡೆಂಟಿಟಿ ಟೆಂಪ್ಲೇಟ್ ಬರೆಯಿರಿ. ಆಮೇಲೆ ಗುರುತುಗಳ ಲ್ಯಾಟ್, ಲಾನ್‌ಗೆ ಮಾತ್ರ ಇನ್ನೊಂದು ಟೆಂಪ್ಲೇಟ್ ಇಟ್ಟು, ಸಂಖ್ಯೆಯನ್ನು 2 ದಶಮಾಂಶ ಸ್ಥಾನಕ್ಕೆ ಇಳಿಸಿ. 0.01 ಡಿಗ್ರಿ ಅಕ್ಷಾಂಶವೆಂದರೆ ಸುಮಾರು 1.1 ಕಿ.ಮೀ.; ಮನೆಬಾಗಿಲು ತೋರುವಷ್ಟು ನಿಖರತೆ ಉಳಿಯದು.

ಮೂಲ ಫೈಲ್ ಬದಲಾಗುವುದಿಲ್ಲ, ಹೊಸದನ್ನೇ ಕಳಿಸಿ. ಅಂದಹಾಗೆ, 'ನಮ್ಮ ಮನೆ' ಎಂದು ನೀವಿಟ್ಟ ಹೆಸರು ಆಟ್ರಿಬ್ಯೂಟ್ ಅಲ್ಲ, ಬೇರೆಯೇ ಟ್ಯಾಗ್. ಅದನ್ನೂ ತೆಗೆಯಬೇಕು.