ಸೈಡ್‌ಕಾರಿನಲ್ಲಿ ಬಂದ ನಂಬಿಕೆ

ಧರ್ಮಚರಿತ್ರೆಯಲ್ಲಿ ಹೆಸರಾದ ಮನಃಪರಿವರ್ತನೆಗಳಿಗೆ ಸಾಮಾನ್ಯವಾಗಿ ಗಂಭೀರವಾದ ಒಂದು ಹಿನ್ನೆಲೆಯಿರುತ್ತದೆ. ಸಂತ ಪೌಲನಿಗೆ ದಮಸ್ಕದ ದಾರಿಯಲ್ಲಿ ಕಣ್ಣು ಕೋರೈಸುವ ಬೆಳಕು ಕಂಡಿತು. ಸಂತ ಅಗಸ್ಟೀನನಿಗೆ ಮಿಲಾನಿನ ತೋಟವೊಂದರಲ್ಲಿ ಮಗುವಿನ ದನಿ ಕೇಳಿಸಿತು. ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆದ ಅಂಥದೇ ಒಂದು ಘಟನೆಗೆ ಮಾತ್ರ ಬೆಳಕೂ ಇಲ್ಲ, ದನಿಯೂ ಇಲ್ಲ. ಇದ್ದದ್ದು ಒಂದು ಮೋಟಾರು ಸೈಕಲ್ಲು, ಅದರ ಪಕ್ಕಕ್ಕೆ ಬಿಗಿದ ಸೈಡ್‌ಕಾರು, ಮತ್ತು ಮೃಗಾಲಯ ನೋಡಲು ಹೊರಟ ಇಬ್ಬರು ಅಣ್ಣತಮ್ಮಂದಿರು.

ತಮ್ಮನ ಹೆಸರು ಸಿ. ಎಸ್. ಲೂಯಿಸ್. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ; ಮುಂದೆ ನಾರ್ನಿಯಾ ಕಥೆಗಳಿಂದ ಲೋಕದ ಮಕ್ಕಳಿಗೆಲ್ಲ ಪರಿಚಿತನಾದವನು. ಅಣ್ಣ ವಾರೆನ್, ಮನೆಯವರ ಬಾಯಲ್ಲಿ ವಾರ್ನಿ, ಸೇನೆಯ ಅಧಿಕಾರಿ. 1931ರ ಸೆಪ್ಟೆಂಬರ್ 28, ಸೋಮವಾರ, ಇವರು ಆಕ್ಸ್‌ಫರ್ಡಿನಿಂದ ಸುಮಾರು 40 ಮೈಲಿ ದೂರದ ವಿಪ್ಸ್‌ನೇಡ್ ಮೃಗಾಲಯಕ್ಕೆ ಹೊರಟರು. ಅದು ಸಾರ್ವಜನಿಕರಿಗೆ ತೆರೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಹೊರಡುವಾಗ ಕ್ರಿಸ್ತನು ದೇವಪುತ್ರನೆಂಬ ನಂಬಿಕೆ ತನಗಿರಲಿಲ್ಲವೆಂದೂ, ಮೃಗಾಲಯ ತಲುಪುವ ಹೊತ್ತಿಗೆ ಅದು ಇತ್ತೆಂದೂ ಲೂಯಿಸ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ದಾರಿಯಲ್ಲಿ ತಾನು ಆ ವಿಷಯವನ್ನು ವಿಶೇಷವಾಗಿ ಯೋಚಿಸುತ್ತಲೂ ಇರಲಿಲ್ಲ, ಭಾವಾವೇಶಕ್ಕೆ ಒಳಗಾಗಿಯೂ ಇರಲಿಲ್ಲವೆಂದು ಅವನೇ ಸೇರಿಸುತ್ತಾನೆ.

ಆ ಆತ್ಮಕಥೆ 1955ರಲ್ಲಿ ಪ್ರಕಟವಾಯಿತು. ಹೆಸರು ‘ಸರ್‌ಪ್ರೈಸ್ಡ್ ಬೈ ಜಾಯ್’. ಈ ‘ಜಾಯ್’ ಎಂಬ ಮಾತನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ಸುಖ ಎಂದರೆ ಅದು ದೇಹದ ಮಟ್ಟದಲ್ಲಿ ನಿಲ್ಲುತ್ತದೆ. ಸಂತೋಷ ಎಂದರೆ ತೃಪ್ತಿಯ ಅರ್ಥ ಬರುತ್ತದೆ. ಆನಂದ ಎಂದರೆ ಸಿದ್ಧಿಯ ಕೊನೆಯ ಮೆಟ್ಟಿಲನ್ನೇ ಹೇಳಿದಂತಾಗುತ್ತದೆ. ಲೂಯಿಸ್ ಹೇಳುವುದು ಈಡೇರದ ಒಂದು ಬಯಕೆಯನ್ನು. ಈಡೇರಿದ ಬೇರೆಲ್ಲ ಬಯಕೆಗಳಿಗಿಂತ ಹೆಚ್ಚು ಹಿತವಾದ ಬಯಕೆಯನ್ನು. ನಮ್ಮ ‘ಹಂಬಲ’ ಎಂಬ ಮಾತು ಅದಕ್ಕೆ ಹೆಚ್ಚು ಹತ್ತಿರವೆಂದು ತೋರುತ್ತದೆ.

ಈ ಹಂಬಲದ ಮೊದಲ ಬೀಜ ಬಿದ್ದದ್ದು ಬೆಲ್‌ಫಾಸ್ಟಿನ ಮನೆಯಲ್ಲಿ. ಹುಡುಗ ವಾರ್ನಿ ಒಂದು ದಿನ ಬಿಸ್ಕತ್ತು ಡಬ್ಬಿಯ ಮುಚ್ಚಳದ ಮೇಲೆ ಪಾಚಿ ಹಾಸಿ, ಕಡ್ಡಿಗಳನ್ನೂ ಹೂಗಳನ್ನೂ ಸಿಕ್ಕಿಸಿ, ಒಂದು ಆಟಿಕೆ ತೋಟ ಮಾಡಿ ತಮ್ಮನ ಮುಂದೆ ತಂದಿಟ್ಟನು. ತನಗೆ ಸೌಂದರ್ಯದ ಮೊದಲ ಅರಿವಾದದ್ದು ಅದರಿಂದ ಎನ್ನುತ್ತಾನೆ ಲೂಯಿಸ್. ಮುಂದೊಂದು ಬೇಸಗೆಯ ದಿನ ಹೂಬಿಟ್ಟ ಪೊದೆಯ ಬಳಿ ನಿಂತಿದ್ದಾಗ ಆ ತೋಟದ ನೆನಪು ಮರುಕಳಿಸಿ, ಹೇಳಲಾಗದ ಒಂದು ಬಯಕೆ ಅವನನ್ನು ತುಂಬಿತು. ಏನನ್ನು ಬಯಸಿದೆನೆಂದು ತಿಳಿಯುವ ಮೊದಲೇ ಮಾಯವಾಯಿತು.

1908ರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳು ಬದುಕಲೆಂದು ಹುಡುಗ ಮಾಡಿದ ಪ್ರಾರ್ಥನೆ ಫಲಿಸಲಿಲ್ಲ. ವಸತಿಶಾಲೆಗಳ ದಿನಗಳಲ್ಲಿ ಅವನು ನಾಸ್ತಿಕನಾದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳನ್ನು ಕಂಡು, 1918ರ ಏಪ್ರಿಲ್‌ನಲ್ಲಿ ಗಾಯಗೊಂಡು ಮರಳಿದನು. ದೇವರುಂಟೆಂದು ಅವನು ಒಪ್ಪಿಕೊಂಡದ್ದು, ಅವನ ಲೆಕ್ಕದಂತೆ, 1929ರಲ್ಲಿ. ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಆದರೆ ಕ್ರಿಸ್ತನ ವಿಷಯ ಮಾತ್ರ ಬಗೆಹರಿಯದೆ ಉಳಿಯಿತು.

ಅದನ್ನು ಬಗೆಹರಿಸಲು ನೆರವಾದವರು ಇಬ್ಬರು ಸ್ನೇಹಿತರು: ಜೆ. ಆರ್. ಆರ್. ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್. 1931ರ ಸೆಪ್ಟೆಂಬರ್ 19ರ ರಾತ್ರಿ ಮೂವರೂ ಮಾಡ್ಲಿನ್ ಕಾಲೇಜಿನ ಆಡಿಸನ್ಸ್ ವಾಕ್ ಎಂಬ ಸಾಲುಮರದ ದಾರಿಯಲ್ಲಿ ಅಡ್ಡಾಡುತ್ತ ಪುರಾಣಗಳನ್ನು ಕುರಿತು ಮಾತನಾಡಿದರು. ಸತ್ತು ಮರಳಿ ಬರುವ ದೇವತೆಯ ಕಥೆ ಬೇರೆ ಜನಾಂಗಗಳ ಪುರಾಣದಲ್ಲಿ ಬಂದಾಗ ಮೈನವಿರೇಳುವ ಲೂಯಿಸನಿಗೆ, ಅದೇ ಕಥೆ ಸುವಾರ್ತೆಗಳಲ್ಲಿ ಬಂದಾಗ ಏಕೆ ಸಪ್ಪೆಯೆನಿಸಬೇಕು? ಕ್ರಿಸ್ತನ ಕಥೆಯೂ ಪುರಾಣವೇ, ಆದರೆ ನಿಜವಾಗಿ ನಡೆದ ಪುರಾಣ ಎಂಬುದು ಸ್ನೇಹಿತರ ವಾದ. ಟೋಲ್ಕಿನ್ ಮನೆಗೆ ಹೊರಟಾಗ ಬೆಳಗಿನ ಜಾವ ಮೂರು ಗಂಟೆ. ಇದಾದ ಒಂಬತ್ತು ದಿನಗಳಿಗೆ ಮೃಗಾಲಯದ ಪ್ರಯಾಣ.

ಈ ತಾರೀಖಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಆತ್ಮಕಥೆಯಲ್ಲಿ ವಿಪ್ಸ್‌ನೇಡನ್ನು ನೆನೆಯುವ ಲೂಯಿಸ್ ಕಾಲಡಿಯ ನೀಲಿ ಹೂಗಳನ್ನು ವರ್ಣಿಸುತ್ತಾನೆ. ಬ್ಲೂಬೆಲ್ ಎಂಬ ಆ ಹೂ ಅರಳುವುದು ವಸಂತದಲ್ಲಿ, ಸೆಪ್ಟೆಂಬರಿನಲ್ಲಲ್ಲ. ಆದ್ದರಿಂದ 1932ರಲ್ಲಿ ಕಾರಿನಲ್ಲಿ ಮಾಡಿದ ಇನ್ನೊಂದು ಪ್ರಯಾಣವೂ ನೆನಪಿನಲ್ಲಿ ಬೆರೆತಿರಬಹುದೇ ಎಂಬ ಪ್ರಶ್ನೆಯನ್ನು ಆಲಿಸ್ಟರ್ ಮೆಕ್‌ಗ್ರಾತ್ 2013ರಲ್ಲಿ ಪ್ರಕಟವಾದ ತಮ್ಮ ಜೀವನಚರಿತ್ರೆಯಲ್ಲಿ ಎತ್ತಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಬಾಲ್ಯದ ಗೆಳೆಯ ಆರ್ಥರ್ ಗ್ರೀವ್ಸನಿಗೆ ಲೂಯಿಸ್ ಬರೆದ, 1931ರ ಅಕ್ಟೋಬರ್ 1ರ ಕಾಗದವೊಂದು ಉಳಿದಿದೆ. ತಾನು ಕ್ರಿಸ್ತನನ್ನು ನಂಬತೊಡಗಿದ್ದೇನೆಂದೂ, ಆ ರಾತ್ರಿಯ ಮಾತುಕತೆ ಅದಕ್ಕೆ ಬಹುಮಟ್ಟಿಗೆ ಕಾರಣವೆಂದೂ ಅದರಲ್ಲಿ ಸ್ಪಷ್ಟವಾಗಿದೆ. ಹೂಗಳು ನೆನಪಿನ ಸಾಕ್ಷಿ. ಕಾಗದ ಆ ಕಾಲದ ಸಾಕ್ಷಿ. ಕಾಗದವನ್ನು ನಂಬುವುದೇ ಚರಿತ್ರೆಕಾರನಿಗೆ ಕ್ಷೇಮ.

ಹಾಗಾದರೆ ವಾದ ಮುಗಿದಿದ್ದು ಕಾಲೇಜಿನ ದಾರಿಯಲ್ಲಿ. ಮೋಟಾರು ಸೈಕಲ್ಲಿಗೇನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಲೂಯಿಸ್ ಯಂತ್ರಗಳ ಪ್ರೇಮಿಯಲ್ಲ. ಮೋಟಾರು ದೂರವನ್ನು ಕೊಲ್ಲುತ್ತದೆಂದು ದೂರಿದವನು, ಕಾಲ್ನಡಿಗೆಯ ಭಕ್ತ. ವಾಹನ ನಡೆಸುವುದು ಅವನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಆ ದಿನ ಅವನು ಬರಿಯ ಪ್ರಯಾಣಿಕ. ದಾರಿ ಅಣ್ಣನದು, ವೇಗವೂ ಅಣ್ಣನದು. ಸೈಡ್‌ಕಾರಿನಲ್ಲಿ ಕುಳಿತವನಿಗೆ ಕೈಗೆ ಕೆಲಸವಿಲ್ಲ. ಯಂತ್ರದ ಸದ್ದಿನಲ್ಲಿ ಮಾತಿಗೂ ಎಡೆಯಿಲ್ಲ. ವರ್ಷಗಟ್ಟಲೆ ತರ್ಕ ಮಾಡಿ ದಣಿದ ಬುದ್ಧಿಗೆ ಅದೊಂದು ಬಿಡುವು. ಆಗ ನಡೆದುದನ್ನು ಅವನು ದೀರ್ಘನಿದ್ರೆಯ ನಂತರ ಹಾಸಿಗೆಯಲ್ಲಿ ಅಲುಗದೆ ಮಲಗಿರುವಾಗಲೇ ತನಗೆ ಎಚ್ಚರವಾಗಿದೆಯೆಂದು ತಿಳಿಯುವುದಕ್ಕೆ ಹೋಲಿಸುತ್ತಾನೆ. ವಾದದಿಂದ ಬಾಗಿಲು ತೆರೆದಿರಬಹುದು; ಹೊಸ್ತಿಲು ದಾಟಿದ್ದು ಬಿಸಿಲು, ಗಾಳಿ, ರಜೆಯ ಲಘು ಮನಸ್ಸು ಇವುಗಳ ನಡುವೆ.

ಇಂಥ ಸಣ್ಣ ಸುಖಗಳ ಬೆಲೆಯನ್ನು ಅವನು ಮುಂದೆ ಎಂದೂ ಮರೆಯಲಿಲ್ಲ. 1942ರ ‘ಸ್ಕ್ರೂಟೇಪ್ ಲೆಟರ್ಸ್’ ಕೃತಿಯಲ್ಲಿ ಹಿರಿಯ ಪಿಶಾಚಿಯೊಂದು ಕಿರಿಯ ಪಿಶಾಚಿಯನ್ನು ಗದರಿಸುತ್ತದೆ. ಕಿರಿಯನ ತಪ್ಪೇನು? ವಶದಲ್ಲಿದ್ದ ಮನುಷ್ಯನಿಗೆ, ಯಾರನ್ನೂ ಮೆಚ್ಚಿಸಲಿಕ್ಕಲ್ಲದೆ ತನಗೆ ಇಷ್ಟವೆಂದೇ ಪುಸ್ತಕವೊಂದನ್ನು ಓದಲು ಬಿಟ್ಟದ್ದು. ಹಳೆಯ ಗಿರಣಿಯವರೆಗೆ ನಡೆದು ಹೋಗಿ ಚಹಾ ಕುಡಿಯಲು ಬಿಟ್ಟದ್ದು! ನಿಜವಾದ ಸುಖ ಮನುಷ್ಯನನ್ನು ಸೋಗಿನಿಂದ ಬಿಡಿಸುತ್ತದೆ. ಸೋಗು ಕಳಚಿದವನು ಪಿಶಾಚಿಯ ಕೈಗೆ ಸಿಕ್ಕುವುದಿಲ್ಲ.

ಆದರೆ ಈ ಮಾತಿಗೆ ಕಠಿಣವಾದ ಪರೀಕ್ಷೆ ಅವನ ಮನೆಯಲ್ಲೇ ಇತ್ತು. ವಾರ್ನಿ ಕುಡಿತದ ಚಟಕ್ಕೆ ಬಿದ್ದನು. ಹದಿನೇಳನೆಯ ಶತಮಾನದ ಫ್ರಾನ್ಸನ್ನು ಕುರಿತು ಸೊಗಸಾದ ಗ್ರಂಥಗಳನ್ನು ಬರೆದ, ತಮ್ಮನ ಕಾಗದಪತ್ರಗಳನ್ನೆಲ್ಲ ಬೆರಳಚ್ಚು ಮಾಡಿಕೊಡುತ್ತಿದ್ದ ಸಜ್ಜನ, ಆಗಾಗ ಕುಡಿದು ಕುಸಿದು ಆಸ್ಪತ್ರೆ ಸೇರುವಂತಾಯಿತು. ಗೆಳೆಯರೊಡನೆ ಲೂಯಿಸ್ ನಗುತ್ತ ಕುಡಿಯುತ್ತಿದ್ದ ಅದೇ ಮದ್ಯ ಅಣ್ಣನಿಗೆ ಸಂಕೋಲೆಯಾಯಿತು. ಸುಖವೆಲ್ಲ ದೇವರ ದೂತನೆಂದರೆ ಇದಕ್ಕೇನು ಹೇಳೋಣ? 1943ರ ‘ಪೆರೆಲಾಂಡ್ರಾ’ ಕಾದಂಬರಿಯಲ್ಲಿ ಒಂದು ಉತ್ತರದ ಸುಳಿವಿದೆ. ಅನ್ಯಗ್ರಹಕ್ಕೆ ಹೋದ ನಾಯಕ ಅಪೂರ್ವ ರುಚಿಯ ಹಣ್ಣೊಂದನ್ನು ತಿನ್ನುತ್ತಾನೆ. ಹಸಿವು ತೀರಿದ ಮೇಲೂ ಇನ್ನೊಂದಕ್ಕೆ ಕೈ ಚಾಚುತ್ತಾನೆ. ಏನೋ ಅನಿಸಿ ಸುಮ್ಮನಾಗುತ್ತಾನೆ. ‘ಮತ್ತೊಮ್ಮೆ, ಮತ್ತೊಮ್ಮೆ’ ಎಂಬ ಹಟದಲ್ಲೇ ಕೇಡಿದೆಯೆಂದು ಲೂಯಿಸ್ ಕಂಡುಕೊಂಡಿದ್ದನು. ದೂತ ಸುದ್ದಿ ತಂದಾಗ ಸುದ್ದಿಯನ್ನು ಕೇಳದೆ ದೂತನನ್ನೇ ಕಟ್ಟಿಹಾಕಿದರೆ, ಅವನು ಸೆರೆಯಾಳಾಗುವುದಿಲ್ಲ. ನಮ್ಮ ಒಡೆಯನೇ ಆಗುತ್ತಾನೆ. ಅಣ್ಣನ ಸಂಕಟವನ್ನು ಹತ್ತಿರದಿಂದ ಕಂಡವನು ಸುಖವನ್ನು ಹಳಿಯುವುದು ಸುಲಭವಿತ್ತು. ಲೂಯಿಸ್ ಹಳಿಯಲಿಲ್ಲ, ಅಣ್ಣನನ್ನು ಕೈಬಿಡಲೂ ಇಲ್ಲ.

ವಾರ್ನಿಯ ನಂಬಿಕೆಯ ಕಥೆಯೂ ಸ್ವಾರಸ್ಯಕರವಾದುದೇ. 1930ರಲ್ಲಿ ಜಪಾನಿನ ಕಾಮಾಕುರದ ಬೃಹತ್ ಬುದ್ಧಮೂರ್ತಿ ಅವನನ್ನು ಆಳವಾಗಿ ತಟ್ಟಿತು. ಮರುವರ್ಷ ಅವನು ಪ್ರಾರ್ಥನೆಗೆ ಮರಳಿದನು. 1931ರ ಕ್ರಿಸ್‌ಮಸ್ ದಿನ, ತಮ್ಮ ಆಕ್ಸ್‌ಫರ್ಡಿನ ಬಳಿಯ ಹೆಡಿಂಗ್ಟನ್ ಕ್ವಾರಿಯ ಚರ್ಚಿನಲ್ಲಿಯೂ, ಅಣ್ಣ ಸೇವೆಯ ಮೇಲೆ ಹೋಗಿದ್ದ ಷಾಂಘೈಯಲ್ಲಿಯೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಹಲವು ವರ್ಷಗಳ ಮೇಲೆ ಪ್ರಭುಭೋಜನವನ್ನು ಸ್ವೀಕರಿಸಿದರು.

ಲೂಯಿಸ್ 1963ರ ನವೆಂಬರ್ 22ರಂದು ತೀರಿಕೊಂಡನು. ಮೂರು ವರ್ಷಗಳ ನಂತರ ತಮ್ಮನ ಪತ್ರಗಳನ್ನು ಸಂಪಾದಿಸಿದ ವಾರ್ನಿ, ಆ ಪರಿವರ್ತನೆಯನ್ನು ಹಠಾತ್ತಾದ ಜಿಗಿತವೆನ್ನದೆ, ದೀರ್ಘಕಾಲದ ಕಾಯಿಲೆಯಿಂದ ನಿಧಾನವಾಗಿ ಚೇತರಿಸಿಕೊಂಡಂತೆ ಎಂದು ಕಂಡನು. ತಾನು ಹಿಂದೊಮ್ಮೆ ಮುಚ್ಚಳದ ಮೇಲೆ ತೋಟ ಹೊತ್ತು ತಂದದ್ದೂ, ಆ ಸೋಮವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದದ್ದೂ ಆ ಚೇತರಿಕೆಯ ಔಷಧಿಗಳೆಂದು ಅವನು ಎಣಿಸಿದ್ದನೋ ಇಲ್ಲವೋ. 1973ರಲ್ಲಿ ವಾರ್ನಿಯೂ ತೀರಿಕೊಂಡನು. ಹೆಡಿಂಗ್ಟನ್ ಕ್ವಾರಿಯ ಚರ್ಚಿನ ಅಂಗಳದಲ್ಲಿ ಇಬ್ಬರಿಗೂ ಒಂದೇ ಸಮಾಧಿ.