ಬೆರಳಿಗೂ ಲೆಕ್ಕ ಇದೆ

ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಈಗ ಮಾಲ್, ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಹಿಂದೆ ಬಿನ್ನಿ ಮಿಲ್ ಇತ್ತು. 1884ರಲ್ಲಿ ಶುರುವಾದ ಬಟ್ಟೆ ಗಿರಣಿ. ಆ ಕಾಲದ ಗಿರಣಿಗಳಲ್ಲಿ ತಲೆಯ ಮೇಲೆ ತಿರುಗುವ ಶಾಫ್ಟಿನಿಂದ ಇಳಿದ ಬೆಲ್ಟುಗಳೇ ಮಗ್ಗ ನಡೆಸುತ್ತಿದ್ದವು. ಪಂಚೆಯ ಅಂಚು ಬೆಲ್ಟಿಗೆ ಸಿಕ್ಕಿದರೆ ಆಳೇ ಎಳೆದುಹೋಗುವ ಭಯ. ಮಗ್ಗದಿಂದ ಚಿಮ್ಮಿದ ಲಾಳಿ ಕಣ್ಣಿಗೆ ಬಡಿದರೆ ಕಣ್ಣೇ ಹೋಗುತ್ತಿತ್ತು.

'ನಿನ್ನ ಎಚ್ಚರ ನಿನಗಿರಬೇಕಿತ್ತು' ಎಂದರೆ ಮಾಲೀಕನ ಹೊಣೆ ಮುಗಿಯುತ್ತಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಇದನ್ನು ಬದಲಿಸಿತು. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕು. ಬರೀ ಕೈತಪ್ಪು ಎಂದು ತಳ್ಳಿಹಾಕುವಂತಿಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷತಾ ನಿಯಮ ಮುರಿದಿದ್ದರೆ ಮಾತು ಬೇರೆ. ಈ ಕಾಯ್ದೆಯಲ್ಲಿ ಬೆರಳಿಗೂ ಲೆಕ್ಕವಿತ್ತು. ತಿದ್ದುಪಡಿಯಾದ ಪಟ್ಟಿಯ ಪ್ರಕಾರ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30, ತೋರುಬೆರಳು ಹೋದರೆ ಶೇ. 14 ನಷ್ಟ. 1948ರ ಫ್ಯಾಕ್ಟರಿ ಕಾಯ್ದೆ ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಹಾಕಲು ಹೇಳಿತು. ಅದೇ ವರ್ಷ ಇಎಸ್ಐ ಕಾಯ್ದೆಯೂ ಬಂತು.

ಗಿರಣಿ ಹೋಯಿತು, ಗೋದಾಮುಗಳು ಬಂದವು. ನಮ್ಮೂರ ಹುಡುಗರು ಈಗ ಫೋರ್ಕ್‌ಲಿಫ್ಟ್ ಓಡಾಡುವ ಜಾಗದಲ್ಲಿ ಲೋಡ್ ಎತ್ತುತ್ತಾರೆ. ಎತ್ತರದ ಸರಕು ಚಾಲಕನ ಕಣ್ಣಿಗೆ ಅಡ್ಡ ಬರುತ್ತದೆ. ರಿವರ್ಸ್ ಬರುವಾಗ ಹಿಂದಿದ್ದವರು ಕಾಣುವುದಿಲ್ಲ. ಗಾಯವಾದರೆ ಕಾಂಟ್ರಾಕ್ಟರ್ ಕೈಗಿಡುವ ಪುಡಿಗಾಸಿಗೇ ಅನೇಕರು ಸುಮ್ಮನಾಗುತ್ತಾರೆ.

ನಾವು ಹೇಳುವುದಿಷ್ಟೆ: ಇಎಸ್ಐ ನಂಬರ್, ಸಂಬಳದ ಚೀಟಿ, ಆಸ್ಪತ್ರೆಯ ಕಾಗದ ಮನೆಯಲ್ಲಿರಲಿ. ಇಎಸ್ಐ ಇಲ್ಲದಿದ್ದರೆ, ಅಪಘಾತವಾದ 2 ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ಅದು ಮಾಲೀಕರು ಕೊಡುವ ಭಿಕ್ಷೆಯಲ್ಲ, ಹಕ್ಕು.