ಎದೆನೋವು ಬಂದ್ರೆ ‘ಗ್ಯಾಸ್’ ಅಂತ ಕಾಯಬೇಡಿ: ಹೃದಯದ ತುರ್ತುಸ್ಥಿತಿ ಗುರುತಿಸೋದು ಹೇಗೆ?

ಶಿವಮೊಗ್ಗ/ಭದ್ರಾವತಿ: ಎದೆ ಹಿಡಿದುಕೊಂಡ ಹಾಗಾದರೆ ಮೊದಲು ಬರುವ ಮಾತು ‘ಗ್ಯಾಸ್ ಆಗಿರಬೇಕು’. ಒಂದು ಸೋಡಾ ಕುಡಿದು, ಸ್ವಲ್ಪ ಹೊತ್ತು ಮಲಗಿ ನೋಡೋಣ ಅಂತಾರೆ. ಆದರೆ ಗ್ಯಾಸೋ ಹಾರ್ಟೋ ಅನ್ನೋದನ್ನ ಇಸಿಜಿ ಇಲ್ಲದೆ ವೈದ್ಯರೂ ಖಚಿತವಾಗಿ ಹೇಳೋಕಾಗಲ್ಲ.

ಹೃದಯಾಘಾತದ ನೋವು ಚುಚ್ಚೋದಕ್ಕಿಂತ ಹೆಚ್ಚಾಗಿ ಒತ್ತುತ್ತದೆ. ಎದೆಯ ನಡುವೆ ಭಾರ ಇಟ್ಟಂತೆ, ಬಿಗಿ ಹಿಡಿದಂತೆ. ಎಡಗೈ, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗಕ್ಕೂ ಹಬ್ಬಬಹುದು. ಜತೆಗೆ ತಣ್ಣನೆ ಬೆವರು, ವಾಂತಿ, ಉಸಿರಾಟಕ್ಕೆ ಕಷ್ಟ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಮತ್ತು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಕಾಣಿಸಬಹುದು. ಮೋಸ ಹೋಗೋದು ಇಲ್ಲೇ.

ಮಲಗಿದರೆ ಉಸಿರು ಕಟ್ಟುತ್ತೆ, ಎದ್ದು ಕೂತರೆ ಸ್ವಲ್ಪ ವಾಸಿ, ಕಾಲು ಊದಿದೆ ಅಂದರೆ ಹೃದಯ ಸೋಲುತ್ತಿರುವ ಲಕ್ಷಣ. ಎದೆಬಡಿತ ವಿಪರೀತವಾಗಿ ತಲೆಸುತ್ತಿ ಬಿದ್ದರೂ ತಡ ಮಾಡುವಂತಿಲ್ಲ.

ಕುಸಿದು ಬಿದ್ದರೆ?

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ವ್ಯಕ್ತಿ ಮಾತಾಡುತ್ತಲೇ ಇರಬಹುದು. ಎರಡನೆಯದರಲ್ಲಿ ಹೃದಯ ರಕ್ತ ಪಂಪ್ ಮಾಡೋದೇ ನಿಲ್ಲುತ್ತದೆ. ಬಿದ್ದವರಿಗೆ ಕೈಕಾಲು ಅದುರಬಹುದು. ಜನ ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೈ ಕೊಡ್ತಾರೆ, ಬಾಯಿಗೆ ನೀರು ಹಾಕ್ತಾರೆ. ಎರಡೂ ಬೇಡ. ಕರೆದರೆ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಆಗಾಗ ಗೊರಕೆಯಂತೆ ಎಳೀತಿದ್ದಾರೆ ಅಂದರೆ ಒಬ್ಬರು 108ಕ್ಕೆ ಕರೆ ಮಾಡಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಲು ಶುರು ಮಾಡಬೇಕು. ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಸುಸ್ತಾದರೆ ಕೈ ಬದಲಿಸಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ‘ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತೆ’ ಅನ್ನೋದನ್ನ ನಂಬಿ ಕೂರಬೇಡಿ.

108ಕ್ಕೆ ಬರೀ ‘ಬಿ.ಎಚ್.ರೋಡ್’ ಅಂದರೆ ಸಾಲದು. ಶಿವಮೊಗ್ಗದಲ್ಲೂ ಬಿ.ಎಚ್.ರೋಡ್ ಇದೆ, ಭದ್ರಾವತಿಯಲ್ಲೂ ಇದೆ. ಊರು, ಹತ್ತಿರದ ವೃತ್ತ, ಅಂಗಡಿ ಬೋರ್ಡು ಹೇಳಿ. ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಎದೆನೋವು ಬಂದರೆ ಶಟರ್ ಎಳೆದು ಒಳಗೆ ಮಲಗಬೇಡಿ, ಪಕ್ಕದ ಅಂಗಡಿಯವರನ್ನು ಕರೆಯಿರಿ. ಬೈಕ್ ಹತ್ತಿ ತಾವೇ ಆಸ್ಪತ್ರೆಗೆ ಹೊರಡುವುದಂತೂ ಬೇಡವೇ ಬೇಡ. ಬೇರೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನೂ ನಾಲಿಗೆ ಕೆಳಗಿಡಬೇಡಿ, ಬಿಪಿ ಕುಸಿಯಬಹುದು.

ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿ.ಮೀ. ‘ನೇರ ದೊಡ್ಡಾಸ್ಪತ್ರೆಗೇ ಹೋಗೋಣ’ ಅಂತ ಕಾರಿಗಾಗಿ ಕಾಯುವುದಕ್ಕಿಂತ, ಹತ್ತಿರ ಎಲ್ಲಿ ಇಸಿಜಿ ಬೇಗ ಆಗುತ್ತೋ ಅಲ್ಲಿಗೆ ಹೋಗಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 12 ಗಂಟೆ ದಾಟಿದ ಮೇಲೆ ಅಷ್ಟಾಗಿ ಪ್ರಯೋಜನವಿಲ್ಲ. 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಶುರು ಮಾಡಿದ್ದೇ ಇದಕ್ಕಾಗಿ. ಯೋಜನೆ ಇರುವ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಇದು ಹತ್ತಾರು ಸಾವಿರ ರೂಪಾಯಿಯ ಬಾಬ್ತು.

ಹೊರಡುವಾಗ ಹಳೇ ಇಸಿಜಿ, ತಗೊಳ್ತಿರುವ ಮಾತ್ರೆಗಳ ಪಟ್ಟಿ, ಆಧಾರ್ ಮತ್ತು ರೇಷನ್ ಕಾರ್ಡ್ ಕೈಗೆ ಸಿಕ್ಕರೆ ತಗೊಳ್ಳಿ. ಹುಡುಕುತ್ತಾ ನಿಲ್ಲಬೇಡಿ, ಆಮೇಲೆ ಮನೆಯವರು ತಂದುಕೊಟ್ಟರೂ ಆಗುತ್ತೆ. ನೋವು ಶುರುವಾದ ಟೈಮ್ ಮಾತ್ರ ನೆನಪಿಟ್ಟುಕೊಳ್ಳಿ. ಡಾಕ್ಟರ್ ಮೊದಲು ಕೇಳೋದು ಅದನ್ನೇ.